70, 75, 80 ಜಿಎಸ್‌ಎಂ: ನಿಮ್ಮ ಪ್ರಿಂಟರ್‌ಗೆ ಯಾವ ರೀಮ್ ಒಗ್ಗುತ್ತದೆ?

ಸ್ಟೇಷನರಿ ಅಂಗಡಿಯಲ್ಲಿ ಎ4 ರೀಮ್, ಅಂದರೆ ಹಾಳೆಗಳ ಕಟ್ಟು, ಕೇಳಿ ನೋಡಿ. ತಿರುಗಿ ಬರುವ ಪ್ರಶ್ನೆ ಒಂದೇ: "ಸೆವೆಂಟಿ ಕೊಡ್ಲಾ, ಸೆವೆಂಟಿ ಫೈವ್ ಕೊಡ್ಲಾ?" ಆ ಅಂಕಿ ಜಿಎಸ್‌ಎಂ, ಅಂದರೆ ಕಾಗದದ ತೂಕದ ದರ್ಜೆ. ಪ್ರಿಂಟರ್ ಯಾವುದು, ಒಂದೇ ಬದಿ ಮುದ್ರಿಸುತ್ತೀರೋ ಎರಡೂ ಬದಿಯೋ, ಕಾಗದ ಇಡುವ ಜಾಗ ಎಂಥದ್ದು ಎಂದು ಕೇಳುವವರಿಲ್ಲ. ಆಮೇಲೆ ಹಾಳೆ ಒಳಗೆ ಸಿಕ್ಕಿಕೊಂಡರೆ, ಎರಡೆರಡು ಒಟ್ಟಿಗೆ ಎಳೆದುಕೊಂಡರೆ, ಹೊರಬಂದ ಹಾಳೆ ಸುರುಳಿ ಸುತ್ತಿದರೆ ಬೈಗುಳವೆಲ್ಲ ಯಂತ್ರಕ್ಕೆ. ಮೆಕ್ಯಾನಿಕ್ ಬಂದು ರೋಲರ್ ಬದಲಿಸಿ ಹೋಗುತ್ತಾನೆ. ಕಾಗದ ಮಾತ್ರ ಅದೇ ಇರುತ್ತದೆ, ತೊಂದರೆಯೂ ಅದೇ.

ಕಂಪನಿಗಿಂತ ದರ್ಜೆ ಮುಖ್ಯವಾದ್ದರಿಂದ ಇಲ್ಲಿ ದರ್ಜೆಗಳನ್ನೇ ಒರೆಗೆ ಹಚ್ಚಿದೆ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಮನೆಯ ಅಥವಾ ಸಣ್ಣ ಕಚೇರಿಯ ಲೇಸರ್ ಪ್ರಿಂಟರ್‌ಗೆ 75 ಜಿಎಸ್‌ಎಂ. ಎರಡೂ ಬದಿಯ ಮುದ್ರಣ ಹೆಚ್ಚಿದ್ದರೆ, ಇಂಕ್‌ಜೆಟ್‌ನಲ್ಲಿ ಬಣ್ಣದ ಕೆಲಸವಿದ್ದರೆ 80. ಒಂದೇ ಬದಿ, ಬರೀ ಅಕ್ಷರ, ಒಣಹವೆಯ ತಿಂಗಳು ಎಂದಾದರೆ 70 ಸಾಕು. 70ಕ್ಕಿಂತ ಕೆಳಗಿನದ್ದು ಸಣ್ಣ ಪ್ರಿಂಟರ್‌ಗೆ ಬೇಡ.

ತೂಕ ಹಾಕಿ ಕೊಳ್ಳಿ

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಎ4 ಹಾಳೆ 210 × 297 ಮಿ.ಮೀ., ಅಂದರೆ ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ ಲೆಕ್ಕ ಸುಲಭ: ಜಿಎಸ್‌ಎಂ ಅನ್ನು ಹಾಳೆಗಳ ಸಂಖ್ಯೆಯಿಂದ ಗುಣಿಸಿ 16ರಿಂದ ಭಾಗಿಸಿದರೆ ಗ್ರಾಂ ಸಿಗುತ್ತದೆ. 500 ಹಾಳೆಯ 75 ಜಿಎಸ್‌ಎಂ ರೀಮ್ ಸುಮಾರು 2.34 ಕಿಲೋ ತೂಗಬೇಕು. 70 ಆದರೆ 2.18, 80 ಆದರೆ 2.5 ಕಿಲೋ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹೊದಿಕೆಯ ತೂಕಕ್ಕೆಂದು ಒಂದಿಷ್ಟು ಗ್ರಾಂ ಬಿಟ್ಟುಕೊಟ್ಟ ಮೇಲೂ "75" ಎಂದು ಬರೆದ ರೀಮ್ 2.2 ಕಿಲೋ ಆಸುಪಾಸು ನಿಂತರೆ ಎರಡರಲ್ಲಿ ಒಂದು ನಿಜ: ಕಾಗದ ತೆಳು, ಇಲ್ಲವೇ ಹಾಳೆ ಕಡಿಮೆ. ಕೆಲವು ಅಗ್ಗದ ಕಟ್ಟುಗಳ ಮೇಲೆ ಸಣ್ಣ ಅಕ್ಷರದಲ್ಲಿ 400 ಅಥವಾ 450 ಹಾಳೆ ಎಂದು ಬರೆದಿರುತ್ತದೆ, ಅದನ್ನೂ ಓದಿಕೊಳ್ಳಿ.

ಆದರೆ ಜಿಎಸ್‌ಎಂ ಹೇಳುವುದು ತೂಕವನ್ನಷ್ಟೇ. ಹಾಳೆ ನೇರವಾಗಿ ಕತ್ತರಿಸಿದೆಯೇ, ಅದರಲ್ಲಿ ಎಷ್ಟು ತೇವ ಇದೆ, ಅಂಚಿನಿಂದ ಎಷ್ಟು ಧೂಳು ಉದುರುತ್ತದೆ, ಎಷ್ಟು ಸೆಟೆದು ನಿಲ್ಲುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಪ್ರಿಂಟರ್ ಕೆಡುವುದು ಹೆಚ್ಚಾಗಿ ಈ ನಾಲ್ಕರಿಂದಲೇ. ಬಿಳುಪಂತೂ ಲೆಕ್ಕಕ್ಕೇ ಇಲ್ಲ. ಕಣ್ಣು ಕುಕ್ಕುವ ನೀಲಿ ಛಾಯೆಯ ಬಿಳುಪು ಬರುವುದು ಹೊಳಪು ಕೊಡುವ ರಾಸಾಯನಿಕದಿಂದ. ಹಾಳೆ ಸರಾಗವಾಗಿ ಓಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಾದಾ ಕಾಪಿಯರ್ ಕಾಗದಕ್ಕೆ ಭಾರತೀಯ ಮಾನಕವೊಂದಿದೆ, ಐಎಸ್ 14490. ಕೇಂದ್ರ ಸರ್ಕಾರ 2020ರಲ್ಲಿ ಇದಕ್ಕೆ ಗುಣಮಟ್ಟ ನಿಯಂತ್ರಣ ಆದೇಶವನ್ನೂ ಹೊರಡಿಸಿತು. ಹೊದಿಕೆಯ ಮೇಲೆ ಐಎಸ್‌ಐ ಗುರುತು, ಗಿರಣಿಯ ಹೆಸರು, ಜಿಎಸ್‌ಎಂ, ಹಾಳೆಗಳ ಸಂಖ್ಯೆ ನಾಲ್ಕೂ ಇರಬೇಕು. ಸಗಟು ಅಂಗಡಿಯಲ್ಲಿ ದೊಡ್ಡ ಶೀಟಿನಿಂದ ಕತ್ತರಿಸಿ ಕಂದು ಕಾಗದದಲ್ಲಿ ಸುತ್ತಿ ಕೊಡುವ "ಲೂಸ್ ಎ4" ಆಫ್‌ಸೆಟ್ ಮುದ್ರಣಕ್ಕೆ ತಯಾರಾದ ಮ್ಯಾಪ್‌ಲಿಥೋ ಆಗಿರಬಹುದು. ಕೈಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಲೇಸರ್‌ನ ಬಿಸಿಗೆ ಬೇಕಾದಷ್ಟು ತೇವ ಕಡಿಮೆ ಮಾಡಿರುವುದಿಲ್ಲ, ಗಿಲೋಟಿನ್ ಅಂಚು ಒರಟು. ನೋಟ್ಸ್ ಬರೆಯಲು ಕೊಳ್ಳಿ, ಪ್ರಿಂಟರ್‌ಗೆ ಹಾಕಬೇಡಿ.

ಯಾವ ತಿರುಳು?

ಜೆಕೆ ಪೇಪರ್‌ನಂಥ ಗಿರಣಿಗಳದ್ದು, ನಮ್ಮ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನದ್ದು ಮರದ ತಿರುಳು. ನೀಲಗಿರಿ, ಸುಬಾಬುಲ್, ಗಾಳಿಮರ ಮುಂತಾದವು. ತಮಿಳುನಾಡಿನ ಟಿಎನ್‌ಪಿಎಲ್ ಹೆಸರಾದದ್ದು ಕಬ್ಬಿನ ಸಿಪ್ಪೆಯ ಕಾಗದಕ್ಕೆ, ಪಂಜಾಬಿನ ಟ್ರೈಡೆಂಟ್ ಗೋಧಿ ಹುಲ್ಲಿನದ್ದಕ್ಕೆ. ಸಿಪ್ಪೆ, ಹುಲ್ಲು ಎಂದೊಡನೆ ಕಳಪೆ ಎಂದುಕೊಳ್ಳಬೇಕಿಲ್ಲ. ಅವುಗಳ ನಾರು ಗಿಡ್ಡ, ಹಾಗಾಗಿ ಮೇಲ್ಮೈ ನುಣುಪು, ಅಕ್ಷರ ಸ್ವಚ್ಛ. ಹಳೆಯ ಪ್ರಿಂಟರ್‌ನ ಸವೆದ ರೋಲರ್‌ಗೆ ಮಾತ್ರ ಅದೇ ನುಣುಪು ಜಾರಿಕೆಯಾಗಬಹುದು. ಮರುಬಳಕೆಯ ಕಾಗದದಲ್ಲಿ ನಾರು ತುಂಡಾಗಿರುವುದರಿಂದ ಧೂಳು ಹೆಚ್ಚು. ಒಳ್ಳೆಯ ಗಿರಣಿಯದ್ದಾದರೆ ಕಚೇರಿಯ ಡ್ರಾಫ್ಟ್ ಕೆಲಸಕ್ಕೆ ಧಾರಾಳವಾಗಿ ಬಳಸಬಹುದು, ಆದರೆ ರೋಲರ್ ಒರೆಸುವ ಕೆಲಸ ಎರಡು ಪಟ್ಟಾಗುತ್ತದೆ.

ಒಂದೇ ಗಿರಣಿಯ ಎರಡು ದರ್ಜೆಗಳ ನಡುವಿನ ಅಂತರ ಎಷ್ಟೋ ಸಲ ಎರಡು ಗಿರಣಿಗಳ ನಡುವಿನದಕ್ಕಿಂತ ದೊಡ್ಡದು. ಜೆಕೆ ಕಾಪಿಯರ್ 75 ಜಿಎಸ್‌ಎಂ, ಜೆಕೆ ಈಸಿ 70. ಹೆಸರು ಒಂದೇ ಎಂದು ಕಣ್ಣಾಡಿಸಿ ಎತ್ತಿಕೊಂಡರೆ ಮೋಸ ಹೋಗುತ್ತೀರಿ.

ಜೆರಾಕ್ಸ್ ಅಂಗಡಿಯಲ್ಲಿ ಓಡುವುದು ಮನೆಯಲ್ಲಿ ಏಕೆ ಓಡದು

64ರಿಂದ 68 ಜಿಎಸ್‌ಎಂ ಕಾಗದದ ಮುಖ್ಯ ಗಿರಾಕಿ ಜೆರಾಕ್ಸ್ ಅಂಗಡಿ. ಅಲ್ಲಿ ದಿನಕ್ಕೆ ಸಾವಿರಾರು ಹಾಳೆ ಓಡುತ್ತವೆ, ಜಾಮ್ ಆಗುವುದು ಅಪರೂಪ. ಅದನ್ನೇ ನೋಡಿ ಮನೆಗೆ ತಂದರೆ ಪ್ರಿಂಟರ್ ಎರಡೆರಡು ಹಾಳೆ ನುಂಗುತ್ತದೆ. ಕಾರಣ ಎಳೆಯುವ ವ್ಯವಸ್ಥೆಯಲ್ಲಿದೆ. ದೊಡ್ಡ ಕಾಪಿಯರ್‌ನಲ್ಲಿ ಹಾಳೆ ಎತ್ತಲು ಒಂದು ರೋಲರ್, ಮುಂದೆ ತಳ್ಳಲು ಇನ್ನೊಂದು, ಕೆಳಗೆ ಅಂಟಿಕೊಂಡು ಬಂದ ಎರಡನೇ ಹಾಳೆಯನ್ನು ಹಿಂದಕ್ಕೆ ತಳ್ಳಲು ಮೂರನೆಯದೊಂದು ಇರುತ್ತದೆ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900ರಂಥ ಸಣ್ಣ ಯಂತ್ರಗಳಲ್ಲಿ ಇರುವುದು ಒಂದು ಪಿಕಪ್ ರೋಲರ್, ಅದರ ಎದುರಿಗೆ ಒಂದು ಸೆಪರೇಶನ್ ಪ್ಯಾಡ್. ಎರಡನೇ ಹಾಳೆಯನ್ನು ತಡೆದು ನಿಲ್ಲಿಸಲು ಆ ಪ್ಯಾಡ್‌ನ ಉಜ್ಜಾಟವೊಂದೇ ಗತಿ. ತೆಳು ಕಾಗದಕ್ಕೆ ಸೆಟೆತ ಸಾಲದು. ಪ್ಯಾಡ್‌ಗೆ ತಾಗಿದ ತುದಿ ಬಾಗಿ ಒಳನುಸುಳುತ್ತದೆ.

ಇವೆರಡೂ ಮಾದರಿಗಳ ಕೈಪಿಡಿ 60ರಿಂದ 163 ಜಿಎಸ್‌ಎಂವರೆಗೆ ಆಗುತ್ತದೆ ಎನ್ನುತ್ತದೆ, ನಿಜ. ಹೊಸ ರೋಲರ್, ಒಣಗಿದ ಕಾಗದ, ಹದವಾದ ಹವೆ ಇದ್ದಾಗಿನ ಮಾತದು. ಎರಡು ವರ್ಷ ದುಡಿದ ಯಂತ್ರಕ್ಕೆ ಆ ಕೆಳಗಿನ ಅಂಕಿಯನ್ನು 70ಕ್ಕೆ ಏರಿಸಿಕೊಳ್ಳುವುದೇ ಲೇಸು. ಮೇಲಿನ ಅಂಕಿಗೂ ಷರತ್ತಿದೆ: ದಪ್ಪ ಹಾಳೆ ಟ್ರೇಯಲ್ಲಿ ರಾಶಿ ಹಾಕಿದರೆ ಬಾರದು, ಕೈಯಿಂದ ಒಂದೊಂದಾಗಿ ಕೊಡಬೇಕು.

ಎಪ್ಸನ್ ಎಲ್ 3110, ಎಲ್ 3250ರಂಥ ಟ್ಯಾಂಕ್ ಇಂಕ್‌ಜೆಟ್ ಪ್ರಿಂಟರ್‌ಗಳಲ್ಲಿ ಸಾದಾ ಕಾಗದದ ಮಿತಿ 64ರಿಂದ 90 ಜಿಎಸ್‌ಎಂ. ಹಿಂಬದಿಯಿಂದ ಹಾಳೆ ಇಳಿಯುವುದರಿಂದ ತಿರುವು ಕಡಿಮೆ, ಜಾಮ್ ಕಡಿಮೆ. ಅಲ್ಲಿನ ಕಷ್ಟ ಬೇರೆ: ತೆಳು ಕಾಗದ ಇಂಕು ಕುಡಿದು ಉಬ್ಬುತ್ತದೆ, ಉಬ್ಬಿದ ಕಡೆ ಇಂಕು ಚಿಮ್ಮಿಸುವ ಹೆಡ್ ತಾಗಿ ಅಂಚಿನಲ್ಲಿ ಮಸಿ ಬಳಿಯುತ್ತದೆ. ಇದನ್ನು ಹೆಡ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಹೆಡ್ ಕ್ಲೀನಿಂಗ್ ಕೊಟ್ಟು ಇಂಕು ಸುರಿಯುವವರು ಬಹಳ.

ಕನ್ನಡಕ್ಕೆ ಕಾಗದ ಇನ್ನೂ ಸ್ವಲ್ಪ ಚೆನ್ನಾಗಿರಬೇಕು. ಹೀರುಕಾಗದದ ಗುಣವಿರುವ ಅಗ್ಗದ ಹಾಳೆಯಲ್ಲಿ ಇಂಕು ನಾರಿನ ಗುಂಟ ಹರಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಬಾಧೆಯಿಲ್ಲ. ನಮ್ಮಲ್ಲಿ ಒತ್ತಕ್ಷರದ ಸುಳಿ ತುಂಬಿಹೋಗುತ್ತದೆ, 'ಥ'ದೊಳಗಿನ ಚುಕ್ಕೆ ಸುತ್ತಲಿನ ಗೆರೆಗೆ ಕೂಡಿಕೊಳ್ಳುತ್ತದೆ, 'ಧ'ದ ಸೀಳು ಮಾಯ. ಹೊಸ ರೀಮ್ ಪರೀಕ್ಷಿಸಲು "ಠ ಥ ಧ ಢ ಷ್ಟ್ರ ಕ್ಷ್ಮ ತ್ಸ್ನ" ಎಂಬ ಸಾಲನ್ನು 9 ಮತ್ತು 11 ಪಾಯಿಂಟ್‌ನಲ್ಲಿ ಮುದ್ರಿಸಿ ನೋಡಿ. 9ರಲ್ಲಿ ಚುಕ್ಕೆ, ಸೀಳು ಬಿಡಿಯಾಗಿ ಕಂಡರೆ ಆ ಕಾಗದ ಇಂಕ್‌ಜೆಟ್‌ಗೆ ಆಗುತ್ತದೆ. 11ರಲ್ಲೂ ಕೂಡಿಕೊಂಡರೆ ಅದನ್ನು ಲೇಸರ್‌ಗೆ ಬಿಟ್ಟುಬಿಡಿ. ಟೋನರ್ ಪುಡಿ ಮೇಲೆ ಕೂರುವುದೇ ಹೊರತು ನಾರಿನೊಳಗೆ ಇಳಿಯುವುದಿಲ್ಲ.

ಮಳೆಗಾಲ

ಕಾಪಿಯರ್ ಕಾಗದ ಗಿರಣಿಯಿಂದ ಹೊರಡುವಾಗ ಅದರಲ್ಲಿರುವ ತೇವ ಶೇ. 4ರಿಂದ 5ರಷ್ಟು. ಅದಕ್ಕೆ ಹದವಾದ ಹವೆಯೆಂದರೆ 20–25 ಡಿಗ್ರಿ ಉಷ್ಣತೆ, ಶೇ. 50ರ ಆಸುಪಾಸಿನ ಆರ್ದ್ರತೆ. ಜುಲೈನ ಆಗುಂಬೆಯಲ್ಲೋ ಮಂಗಳೂರಿನಲ್ಲೋ ಗಾಳಿಯ ಆರ್ದ್ರತೆ ಶೇ. 80 ದಾಟಿ ನಿಂತಿರುತ್ತದೆ. ಹೊದಿಕೆ ಬಿಚ್ಚಿಟ್ಟ ರೀಮ್ ಒಂದೇ ರಾತ್ರಿಯಲ್ಲಿ ಅಂಚಿನಿಂದ ನೀರು ಹೀರಿಕೊಳ್ಳುತ್ತದೆ. ಅಂಚು ಹಿಗ್ಗುತ್ತದೆ, ನಡುಭಾಗ ಹಾಗೆಯೇ ಇರುತ್ತದೆ, ಅಂಚೆಲ್ಲ ಅಲೆ ಅಲೆ. ಅಂಥ ಹಾಳೆ ಓರೆಯಾಗಿ ಒಳಹೋಗಿ ಮೂಲೆ ಮಡಿಚಿಕೊಂಡು ನಿಲ್ಲುತ್ತದೆ.

ಲೇಸರ್‌ನಲ್ಲಿ ಇನ್ನೆರಡು ಕಾಟ ಸೇರುತ್ತವೆ. ಟೋನರ್ ಡ್ರಮ್ಮಿನಿಂದ ಹಾಳೆಗೆ ಹಾರುವುದು ವಿದ್ಯುದಾವೇಶದಿಂದ. ಒದ್ದೆ ಕಾಗದದಲ್ಲಿ ಆವೇಶ ನಿಲ್ಲದೆ ಸೋರಿಹೋಗುತ್ತದೆ. ಅಕ್ಷರ ಅಲ್ಲಲ್ಲಿ ಮಸುಕು, ಕಪ್ಪು ಭಾಗ ತೇಪೆ ತೇಪೆ. ಕಾರ್ಟ್ರಿಜ್ ಮುಗಿಯಿತೆಂದು ಹೊಸದು ಹಾಕಿದರೂ ಹೋಗುವುದಿಲ್ಲ. ಆಮೇಲೆ ಟೋನರನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ, ಸುಮಾರು 200 ಡಿಗ್ರಿಯ ಫ್ಯೂಸರ್ ಹಾದುಬರುವಾಗ ಆ ನೀರೆಲ್ಲ ಆವಿ. ಹೊರಗೆ ಬರುವ ಜಾಗದಲ್ಲಿ ಸಣ್ಣಗೆ ಹೊಗೆಯಾಡಿದಂತೆ ಕಂಡರೆ ಗಾಬರಿ ಬೇಡ, ಅದು ಕಾಗದದ ನೀರು. ಎರಡು ಬದಿ ಒಂದೇ ಸಮ ಒಣಗದ ಕಾರಣ ಹಾಳೆ ಸುರುಳಿಯಾಗುತ್ತದೆ, ಅದೇ ಹಾಳೆಯನ್ನು ಎರಡನೇ ಬದಿಗೆಂದು ತಿರುಗಿಸಿ ಹಾಕಿದರೆ ಜಾಮ್ ಖಚಿತ. 70 ಜಿಎಸ್‌ಎಂ ಕೈಕೊಡುವುದು ಹೆಚ್ಚಾಗಿ ಇಲ್ಲೇ. 80 ಇದೇ ಹವೆಯನ್ನು ಒಂದು ಮಟ್ಟಕ್ಕೆ ತಡೆದುಕೊಳ್ಳುತ್ತದೆ.

ರೀಮ್‌ನ ಹೊದಿಕೆಯ ಒಳಬದಿಯ ಪ್ಲಾಸ್ಟಿಕ್ ಲೇಪ ಇರುವುದು ತೇವ ತಡೆಯಲಿಕ್ಕೆ. ಅದನ್ನು ಹರಿದು ಬಿಸಾಡಬೇಡಿ. ಒಂದು ತುದಿ ಮಾತ್ರ ಬಿಚ್ಚಿ, ಬೇಕಾದಷ್ಟು ತೆಗೆದು, ಮತ್ತೆ ಮಡಿಚಿ ಟೇಪ್ ಹಚ್ಚಿ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಮಲೆನಾಡಿನಲ್ಲೂ ಸಾಕು. 150 ಹಾಳೆಯ ಟ್ರೇ ಎಂದು 150 ತುಂಬಬೇಕಿಲ್ಲ. ಆ ದಿನಕ್ಕೆ ಬೇಕಾದ ಮೂವತ್ತು ನಲವತ್ತು ಹಾಕಿ, ಸಂಜೆ ಉಳಿದದ್ದು ತೆಗೆದಿಡಿ. ಪೆಟ್ಟಿಗೆಯನ್ನು ನೆಲಕ್ಕೆ, ಹೊರಗೋಡೆಗೆ ತಾಗಿಸಿ ಇಡುವುದು ಬೇಡ, ಕೆಳಗೊಂದು ಹಲಗೆ ಇರಲಿ. ತೇವ ಹಿಡಿದದ್ದನ್ನು ಬಿಸಿಲಿಗೆ ಹರಡಿದರೆ ಅಂಚು ಮೊದಲು ಒಣಗಿ ಕುಗ್ಗಿ ಇನ್ನಷ್ಟು ಸೊಟ್ಟಗಾಗುತ್ತದೆ. ಎಸಿ ಕೋಣೆ ಇದ್ದರೆ ತೆಳು ತೆಳು ಕಟ್ಟುಗಳಾಗಿ ಮಾಡಿ ಒಂದೆರಡು ದಿನ ಇಟ್ಟು ನೋಡಬಹುದು.

ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಇದರ ತದ್ವಿರುದ್ಧ. ಅತಿಯಾಗಿ ಒಣಗಿದ ಹಾಳೆಗಳು ಸ್ಥಿರವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ರೀಮನ್ನು ಬಳಸುವ ಹೊತ್ತಿಗೆ ಬಿಚ್ಚುವುದು, ಫ್ಯಾನಿನ ಕೆಳಗೆ ಇಡದಿರುವುದು ಇಷ್ಟೇ ಉಪಾಯ.

ಎಫ್‌ಎಸ್, ಲೀಗಲ್: ಹತ್ತು ಮಿಲಿಮೀಟರಿನ ರಗಳೆ

ಕರಾರುಪತ್ರ, ಅಫಿಡವಿಟ್, ಕಚೇರಿ ಅರ್ಜಿಗಳಿಗೆ ಉದ್ದನೆಯ ಹಾಳೆ ಕೇಳಿದರೆ ಅಂಗಡಿಯಲ್ಲಿ ಕೊಡುವುದು ಎಫ್‌ಎಸ್ (ಫುಲ್‌ಸ್ಕೇಪ್). ಅದರ ಅಳತೆ 215 × 345 ಮಿ.ಮೀ. ಕಂಪ್ಯೂಟರಿನಲ್ಲಿ 'ಲೀಗಲ್' ಎಂದು ಆರಿಸಿದರೆ ಅದು ಅಮೆರಿಕದ ಅಳತೆ, ಸುಮಾರು 216 × 356 ಮಿ.ಮೀ. ಒಂದು ಸೆಂಟಿಮೀಟರಿಗೂ ಹೆಚ್ಚಿನ ಈ ಅಂತರದಿಂದಲೇ ಪುಟದ ಕೊನೆಯ ಸಾಲು ಕತ್ತರಿಸಿಹೋಗುವುದು, ಹಾಳೆಯಿಲ್ಲದ ಜಾಗಕ್ಕೆ ಬಿದ್ದ ಟೋನರ್ ಒಳಗಿನ ರೋಲರ್‌ಗೆ ಅಂಟಿ ಮುಂದಿನ ಹಾಳೆಯ ಬೆನ್ನಿಗೆ ಮಸಿಯಾಗುವುದು. ಕೆಲವು ಯಂತ್ರಗಳು ಕಾಗದದ ಉದ್ದ ಹೊಂದಲಿಲ್ಲವೆಂದು ಜಾಮ್ ಎಂದೇ ತೋರಿಸಿ ನಿಂತುಬಿಡುತ್ತವೆ. ಬಾಗಿಲು ತೆಗೆದು ನೋಡಿದರೆ ಒಳಗೆ ಏನೂ ಇರುವುದಿಲ್ಲ. ಡ್ರೈವರ್‌ನಲ್ಲಿ, ಅಂದರೆ ಕಂಪ್ಯೂಟರಿನ ಪ್ರಿಂಟರ್ ಸೆಟ್ಟಿಂಗ್‌ನಲ್ಲಿ, 'ಇಂಡಿಯನ್ ಲೀಗಲ್' ಇದ್ದರೆ ಅದನ್ನೇ ಆರಿಸಿ. ಇಲ್ಲವಾದರೆ ಕಸ್ಟಮ್ ಅಳತೆಯಲ್ಲಿ 215 × 345 ಕೊಟ್ಟು ಹೆಸರಿಟ್ಟು ಉಳಿಸಿಕೊಳ್ಳಿ. ವರ್ಡ್ ಕಡತದಲ್ಲೂ ಪ್ರಿಂಟರ್‌ನಲ್ಲೂ ಎರಡೂ ಕಡೆ ಬದಲಿಸಬೇಕು, ಒಂದೇ ಕಡೆ ಬದಲಿಸಿದರೆ ಅರ್ಧ ಕೆಲಸ. 75 ಜಿಎಸ್‌ಎಂನ ಎಫ್‌ಎಸ್ ರೀಮ್ 2.78 ಕಿಲೋ ತೂಗುತ್ತದೆ.

ಸುಪ್ರೀಂ ಕೋರ್ಟಿಗೆ ಸಲ್ಲಿಸುವ ಕಾಗದಪತ್ರಗಳು 2020ರ ಏಪ್ರಿಲ್‌ನಿಂದ ಎ4ನಲ್ಲಿ, ಎರಡೂ ಬದಿ, 75 ಜಿಎಸ್‌ಎಂಗೆ ಕಡಿಮೆಯಿಲ್ಲದ ಕಾಗದದಲ್ಲಿ ಇರಬೇಕೆಂದಾಗಿದೆ. ವಕೀಲರ ಕಚೇರಿಗೆ 70ರ ರೀಮ್ ತಂದಿಡುವ ಗುಮಾಸ್ತರು ಇದನ್ನು ಗಮನಿಸಿದರೆ ಒಳ್ಳೆಯದು. ಎರಡೂ ಬದಿ ಓದಲು ಅನುಕೂಲವಾಗುವುದೂ 75, 80ರಲ್ಲೇ. ಅದಕ್ಕಿಂತ ತೆಳುವಾದರೆ ಹಿಂಬದಿಯ ಅಕ್ಷರ ಮುಂದೆ ಇಣುಕುತ್ತದೆ.

ಇ-ಸ್ಟ್ಯಾಂಪ್ ಹಾಳೆಯ ಮೇಲೆ ಕರಾರಿನ ಒಕ್ಕಣೆ ಮುದ್ರಿಸುವಾಗ ನೆನಪಿರಲಿ, ಅದು ಈಗಾಗಲೇ ಒಂದು ಸಲ ಪ್ರಿಂಟರ್ ಹಾದು ಬಂದ ಹಾಳೆ, ಜೊತೆಗೆ ಜೇಬಿನಲ್ಲೋ ಫೈಲಿನಲ್ಲೋ ಮಡಿಚಿಕೊಂಡಿರುತ್ತದೆ. ಕೆಟ್ಟರೆ ಹೋಗುವುದು ಹಾಳೆಯ ಬೆಲೆಯಲ್ಲ, ಮುದ್ರಾಂಕ ಶುಲ್ಕ. ಮೊದಲು ಅದೇ ಅಳತೆಯ ಸಾದಾ ಹಾಳೆಯಲ್ಲಿ ಮುದ್ರಿಸಿ ಬೆಳಕಿಗೆ ಹಿಡಿದು ಹೊಂದಿಸಿ ನೋಡಿ. ಆಮೇಲೆ ಮಡಿಕೆಯನ್ನು ಚಪ್ಪಟೆ ಮಾಡಿ, ಒಂದನ್ನೇ, ಕೈಯಿಂದ ಕೊಡಿ.

ಉಳಿದ ಬಗೆಗಳು ಬೇಗ ಬೇಗ

ಬಾಂಡ್ ಪೇಪರ್, 85ರಿಂದ 100 ಜಿಎಸ್‌ಎಂ: ಲೆಟರ್‌ಹೆಡ್‌ಗೆ, ಪ್ರಾಜೆಕ್ಟ್ ರಿಪೋರ್ಟ್‌ಗೆ ಚೆನ್ನ. ನೀರ್ಗುರುತಿನ, ಗೆರೆ ಗೆರೆಯ ಒರಟು ಬಾಂಡ್ ಆದರೆ ಲೇಸರ್ ಟೋನರ್ ಗುಳಿಗಳಲ್ಲಿ ಕೂರದೆ ಉಗುರಿಗೆ ಉದುರುತ್ತದೆ. ಡ್ರೈವರ್‌ನಲ್ಲಿ ಕಾಗದದ ಬಗೆಯನ್ನು ದಪ್ಪ ಎಂದು ಬದಲಿಸಿದರೆ ಬಿಸಿ ಹೆಚ್ಚಿ ಹಿಡಿದುಕೊಳ್ಳುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿದ ಲೆಟರ್‌ಹೆಡ್‌ನ ಬಣ್ಣ ಫ್ಯೂಸರ್‌ನಲ್ಲಿ ಕರಗಬಹುದು, ಸಾವಿರ ಮುದ್ರಿಸುವ ಮುಂಚೆ ಹತ್ತು ಪರೀಕ್ಷಿಸಿ. ಉಬ್ಬಿದ ಅಕ್ಷರದ್ದಂತೂ ಬೇಡವೇ ಬೇಡ.

ಸ್ಟಿಕರ್ ಹಾಳೆಯಲ್ಲಿ ಎರಡು ಲೇಬಲ್ ಕಿತ್ತು ಉಳಿದದ್ದನ್ನು ಮತ್ತೆ ಹಾಕಬೇಡಿ. ಬಯಲಾದ ಗೋಂದು ಡ್ರಮ್ಮಿಗೆ ಅಂಟಿದರೆ ಪ್ರತಿ ಪುಟದಲ್ಲೂ ಒಂದೇ ಅಂತರದಲ್ಲಿ ಕಲೆ ಬೀಳುತ್ತದೆ.

ಇಂಕ್‌ಜೆಟ್‌ನ ಗ್ಲಾಸಿ ಫೋಟೋ ಪೇಪರ್, ಐಡಿ ಕಾರ್ಡ್ ಮಾಡುವ ಎಪಿ ಶೀಟ್, ಡ್ರ್ಯಾಗನ್ ಶೀಟ್, ಇಂಕ್‌ಜೆಟ್ ಒಎಚ್‌ಪಿ (ಪ್ರೊಜೆಕ್ಟರಿನ ಪಾರದರ್ಶಕ) ಹಾಳೆ, ಇವುಗಳಲ್ಲಿ ಯಾವುದನ್ನೂ ಲೇಸರ್ ಪ್ರಿಂಟರ್‌ಗೆ ಕೊಡಕೂಡದು. ಲೇಪವೋ ಪ್ಲಾಸ್ಟಿಕ್ಕೋ ಫ್ಯೂಸರ್ ಫಿಲ್ಮಿಗೆ ಕರಗಿ ಸುತ್ತಿಕೊಳ್ಳುತ್ತದೆ. ಮಿಕ್ಕ ತಪ್ಪುಗಳಿಗೆಲ್ಲ ಒರೆಸುವುದರಲ್ಲೋ ಕಿತ್ತು ತೆಗೆಯುವುದರಲ್ಲೋ ಪರಿಹಾರವಿದೆ, ಇದಕ್ಕೆ ಫ್ಯೂಸರ್ ಬದಲಿಸುವುದೊಂದೇ. ಲೇಸರ್‌ನ ಗ್ಲಾಸಿ ಹಾಳೆಯನ್ನು ಇಂಕ್‌ಜೆಟ್‌ಗೆ ಹಾಕಿದರೆ ಅಪಾಯವೇನಿಲ್ಲ, ಇಂಕು ಆರದೆ ಕೈಗೆ ಮೆತ್ತುತ್ತದೆ ಅಷ್ಟೆ.

ಒಂದು ಬದಿ ಬಳಸಿದ ಹಾಳೆಯ ಹಿಂಬದಿಯಲ್ಲಿ ಡ್ರಾಫ್ಟ್ ತೆಗೆಯುವುದು ಎಲ್ಲ ಕಚೇರಿಗಳ ರೂಢಿ. ಮಾಡಿ, ಸ್ಟೇಪ್ಲರ್ ಪಿನ್ ಹೋಗಿದೆಯೇ ಎಂದು ಪ್ರತಿ ಮೂಲೆ ನೋಡಿ, ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದನ್ನು ಲೇಸರ್‌ಗೆ ಹಾಕಬೇಡಿ.

ತುಂಬುವ ಕ್ರಮ, ಡ್ರೈವರ್

ಹೊದಿಕೆಯ ಮೇಲೆ ಬಾಣದ ಗುರುತಿದ್ದರೆ ಅದು ಮೊದಲು ಮುದ್ರಿಸಬೇಕಾದ ಬದಿ. ಗುರುತಿಲ್ಲದಿದ್ದರೆ ಹತ್ತು ಹಾಳೆ ಹಾಕಿ ನೋಡಿ. ಸುರುಳಿ ಜಾಸ್ತಿಯಾದರೆ ಕಟ್ಟನ್ನು ಮಗುಚಿ, ಆಗಲೂ ಕಡಿಮೆಯಾಗದಿದ್ದರೆ ತಲೆಬುಡ ತಿರುಗಿಸಿ. ಟ್ರೇಯಲ್ಲಿ ಹಳೆಯ ಹಾಳೆಗಳಿರುವಾಗ ಮೇಲೆ ಹೊಸದನ್ನು ಪೇರಿಸಬೇಡಿ. ಎಲ್ಲ ತೆಗೆದು, ಒಟ್ಟು ಸೇರಿಸಿ, ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ ಹಾಕಿ. ಬದಿಯ ಗೈಡ್‌ಗಳು ಕಾಗದಕ್ಕೆ ತಾಗಬೇಕು, ಒತ್ತಬಾರದು. ಕತ್ತರಿ ನೇರವಿದೆಯೇ ಎಂದು ತಿಳಿಯಲು ಇಪ್ಪತ್ತು ಹಾಳೆ ತೆಗೆದುಕೊಂಡು ಅರ್ಧದಷ್ಟನ್ನು ಮಗುಚಿ ಉಳಿದರ್ಧದ ಮೇಲಿಡಿ. ಅಂಚು ಹೆಚ್ಚುಕಡಿಮೆಯಾಗಿ ಕಂಡರೆ ಆ ರೀಮ್ ಓರೆಯಾಗಿಯೇ ಎಳೆಯುತ್ತದೆ, ಅಂಗಡಿಗೆ ವಾಪಸ್ ಕೊಡಿ. ಅಂಚನ್ನು ಕಪ್ಪು ಬಟ್ಟೆಗೆ ಒರೆಸಿದಾಗ ಬಿಳಿ ಪುಡಿ ದಂಡಿಯಾಗಿ ಹತ್ತಿದರೂ ಹಾಗೆಯೇ.

ಡ್ರೈವರ್‌ನ ಕಾಗದದ ಬಗೆಯನ್ನು ಮುಟ್ಟದೇ ಬಿಡುವವರೇ ಹೆಚ್ಚು. ಲೇಸರ್‌ನಲ್ಲಿ ಈ ಆಯ್ಕೆ ಫ್ಯೂಸರ್‌ನ ಬಿಸಿಯನ್ನೋ ವೇಗವನ್ನೋ ಬದಲಿಸುತ್ತದೆ. 75ಕ್ಕಿಂತ ಕೆಳಗಿನದ್ದಕ್ಕೆ ಎಚ್‌ಪಿಯಲ್ಲಿ 'ಲೈಟ್' ಎಂಬ ಆಯ್ಕೆ. ಕ್ಯಾನನ್ ಎಲ್‌ಬಿಪಿ 2900ರಲ್ಲಿ ಸಾದಾ ಕಾಗದ ಸುರುಳಿಯಾಗುತ್ತಿದ್ದರೆ 'ಪ್ಲೇನ್ ಪೇಪರ್ ಎಲ್' ಎಂಬುದು ಅದಕ್ಕೆಂದೇ ಇದೆ. ಮಳೆಗಾಲದಲ್ಲಿ ಒಮ್ಮೆ ಬದಲಿಸಿ ನೋಡಿ, ಖರ್ಚಿಲ್ಲದ ರಿಪೇರಿ.

ಇಷ್ಟಾದರೂ ಎರಡೆರಡು ಎಳೆಯುತ್ತಿದ್ದರೆ ರೋಲರ್ ಮತ್ತು ಪ್ಯಾಡ್ ಮೇಲೆ ಕಾಗದದ ಸುಣ್ಣದ ಪುಡಿ ಕೂತಿದೆ ಎಂದರ್ಥ. ಯಂತ್ರ ಆರಿಸಿ, ತಣ್ಣಗಾದ ಮೇಲೆ, ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ರೋಲರನ್ನು ತಿರುಗಿಸುತ್ತ ಒರೆಸಿ, ಪೂರ್ತಿ ಆರಿದ ಮೇಲೆ ಕಾಗದ ಹಾಕಿ. ಉಪ್ಪುಕಾಗದದಿಂದ ರೋಲರ್ ಉಜ್ಜಿ ಒರಟು ಮಾಡಿಕೊಡುವ ರಿಪೇರಿಯವರಿದ್ದಾರೆ. ಅದು ಕೆಲವು ವಾರ ಹಿಡಿಯುತ್ತದೆ, ಆಮೇಲೆ ರಬ್ಬರ್ ಇನ್ನೂ ಬೇಗ ಸವೆಯುತ್ತದೆ. ಆ ಹಂತಕ್ಕೆ ಬಂದಿದ್ದರೆ ರೋಲರ್, ಪ್ಯಾಡ್ ಎರಡನ್ನೂ ಒಟ್ಟಿಗೆ ಬದಲಿಸುವುದೇ ಸರಿ.

ಎಷ್ಟು ಕೊಳ್ಳಬೇಕು ಎಂಬುದೂ ಆಯ್ಕೆಯ ಭಾಗವೇ. 70ಕ್ಕೂ 75ಕ್ಕೂ ರೀಮಿಗೆ 40 ರೂಪಾಯಿ ಅಂತರವಿದ್ದರೆ ಹಾಳೆಗೆ ಬೀಳುವುದು 8 ಪೈಸೆ. ಒಂದು ಜಾಮ್‌ನಲ್ಲಿ ಹರಿದುಹೋಗುವ ಹಾಳೆ, ಟೋನರ್, ಸಮಯದ ಮುಂದೆ ಅದು ಉಳಿತಾಯವೇ ಅಲ್ಲ. ಹತ್ತು ರೀಮಿನ ಪೆಟ್ಟಿಗೆ ತೆಗೆದುಕೊಂಡರೆ ಬೆಲೆ ಇಳಿಯುತ್ತದೆ, ಆದರೆ ತಿಂಗಳಿಗೆ ಅರ್ಧ ರೀಮ್ ಬಳಸುವ ಮನೆಯವರು ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದರೆ ಮೇ ಕೊನೆಗೆ ಪೆಟ್ಟಿಗೆ ತರುವ ಬದಲು ಎರಡೆರಡೇ ರೀಮ್ ತರಲಿ.